ಕೊಲ್ಲಾಪುರವೋ ಧಾರವಾಡವೋ: ನಿಪ್ಪಾಣಿಯ ಮಗಳಿಗೆ ಕಾಕಾನ ಪತ್ರ



ನಿನ್ನ ಪತ್ರ ತಲುಪಿತು. ಬಿ.ಎಸ್ಸಿ. ಮುಗಿಯಿತು, ಭೌತಶಾಸ್ತ್ರದಲ್ಲೇ ಎಂ.ಎಸ್ಸಿ. ಮಾಡುತ್ತೇನೆ ಎಂದು ಬರೆದಿದ್ದೀ. ಓದಿ ತುಂಬ ಸಂತೋಷವಾಯಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೋ, ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯವೋ ಎಂದು ಮನೆಯಲ್ಲಿ ಎರಡು ಪಕ್ಷವಾಗಿದೆಯಂತೆ. "ಕೊಲ್ಲಾಪುರ ನಲವತ್ತು ಕಿಲೋಮೀಟರು, ಬೆಳಿಗ್ಗೆ ಹೋದರೆ ಸಂಜೆ ಮನೀಗೆ ಬರ್ತಾಳ" ಎನ್ನುವುದು ನಿನ್ನಪ್ಪನ ಮಾತು. "ಪರರಾಜ್ಯದಾಗ ಹೆಚ್ಚಿನ ಫೀ ಯಾಕ ಕಟ್ಟಬೇಕು" ಎನ್ನುವುದು ಅವ್ವನದು. ಇಬ್ಬರೂ ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದಾರೆ. ಆದರೆ ನೀನು ಅಲ್ಲಿ ಹೋಗಿ ಏನು ಮಾಡಬೇಕೆಂದಿದ್ದೀ ಎಂದು ಇಬ್ಬರೂ ಕೇಳಿದಂತಿಲ್ಲ.

ನಮ್ಮ ಭಾಗಕ್ಕೆ ಕೃಷ್ಣೆ, ದೂಧಗಂಗೆ ದಾಟಿ ಓದಲು ಹೋಗುವುದು ಹೊಸದಲ್ಲ. 1956ರ ತನಕ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ರಾಯಬಾಗವಂತೂ ಕೊಲ್ಲಾಪುರ ಸಂಸ್ಥಾನಕ್ಕೇ ಸೇರಿತ್ತು. ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ರಂ.ಶ್ರೀ. ಮುಗಳಿಯವರು ಕನ್ನಡ ಕಲಿಸಿದರು, ಕೊಲ್ಲಾಪುರದ ರಾಜಾರಾಮ ಕಾಲೇಜಿಗೆ ವಿ.ಕೃ. ಗೋಕಾಕರು ಪ್ರಿನ್ಸಿಪಾಲರಾಗಿದ್ದರು. ಇವತ್ತಿಗೂ ಕಾಗವಾಡದವರಿಗೆ ಪೇಟೆ, ದವಾಖಾನೆ ಎಂದರೆ ಮಿರಜ. ಹಾಗಾಗಿ ಕೊಲ್ಲಾಪುರ ಪರದೇಶ ಎಂದು ನಾನು ಯಾವತ್ತೂ ಹೇಳುವುದಿಲ್ಲ.

ಆದರೆ ಸರಕಾರದ ಲೆಕ್ಕ ಬೇರೆ. ನಿಪ್ಪಾಣಿಗೆ ಹತ್ತಿಕೊಂಡೇ ಇರುವ ಅರ್ಜುನನಗರದ ದೇವಚಂದ ಕಾಲೇಜನ್ನು ನೋಡು. ಅದು ಮಹಾರಾಷ್ಟ್ರದ ಕಾಗಲ್ ತಾಲ್ಲೂಕಿಗೆ ಸೇರಿದ್ದು, ಶಿವಾಜಿ ವಿಶ್ವವಿದ್ಯಾಲಯದ ಅಧೀನದ್ದು. ನಿನ್ನ ಓಣಿಯ ಗೆಳತಿ ಅಲ್ಲಿ ಓದಿದ್ದರೆ ಕೊಲ್ಲಾಪುರದವರಿಗೆ ಅವಳು ತಮ್ಮದೇ ವಿದ್ಯಾರ್ಥಿನಿ. ನೀನು ಊರೊಳಗಿನ ಬಾಗೇವಾಡಿ ಕಾಲೇಜಿನಲ್ಲಿ ಓದಿದ್ದು ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯದ ಕೆಳಗೆ. ಅಲ್ಲಿಂದ ಮೈಗ್ರೇಶನ್ ಸರ್ಟಿಫಿಕೇಟ್ ತರಬೇಕು, ಕೊಲ್ಲಾಪುರದಲ್ಲಿ ಅರ್ಹತಾ ಪತ್ರ ಮಾಡಿಸಬೇಕು. ನಮ್ಮ ಜಾತಿ ಪ್ರಮಾಣಪತ್ರಕ್ಕೆ ಅಲ್ಲಿನ ಮೀಸಲಾತಿ ಸಿಗುವುದಿಲ್ಲ. ಮಹಾರಾಷ್ಟ್ರ ತನ್ನ ನಿವಾಸಿಗಳಿಗೆ ಕೊಡುವ ಶುಲ್ಕ ರಿಯಾಯಿತಿ ನಿನಗೆ ಅನ್ವಯಿಸುವುದಿಲ್ಲ. ಪಕ್ಕದ ಬೆಂಚಿನವಳಿಗಿಂತ ನಿನಗೆ ಹೆಚ್ಚು ಖರ್ಚು ಬೀಳುವುದು ಮುಖ್ಯವಾಗಿ ಹೀಗೆ.

ಧಾರವಾಡದಲ್ಲಿ ಖರ್ಚಿನ ಲೆಕ್ಕ ತಿರುಗುಮುರುಗು. ಊರು ನೂರೈವತ್ತು ಕಿಲೋಮೀಟರ್ ದೂರ, ಖರೆ. ಆದರೆ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್ ಸಿಕ್ಕರೆ ಊಟ ವಸತಿಗೆ ದುಡ್ಡಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಹೋಗಿಬರಲು ಬಸ್ ಚಾರ್ಜೂ ಇಲ್ಲ. ವಿದ್ಯೆಯಲ್ಲಿ ಧಾರವಾಡ ಕಡಿಮೆ ಎಂದು ಯಾರಾದರೂ ಹೇಳಿದರೆ ನಂಬಬೇಡ. ನಮ್ಮದೇ ಜಿಲ್ಲೆಯ ಮಮದಾಪುರದ ಡಿ.ಸಿ. ಪಾವಟೆಯವರು, ಕೇಂಬ್ರಿಜ್‌ನಲ್ಲಿ ಗಣಿತ ಓದಿ ಬಂದವರು, ಕುಲಪತಿಯಾಗಿ ಕಟ್ಟಿ ಬೆಳೆಸಿದ ವಿಶ್ವವಿದ್ಯಾಲಯ ಅದು.

ಹಾಗಾದರೆ ಕೊಲ್ಲಾಪುರಕ್ಕೆ ಹೆಚ್ಚಿನ ದುಡ್ಡು ಯಾಕೆ ಕೊಡಬೇಕು? ನನ್ನ ಮಟ್ಟಿಗೆ ಕಾರಣ ಒಂದೇ: ಅಲ್ಲಿಯ ಪ್ರಯೋಗಾಲಯ. 1962ರಲ್ಲಿ ಶುರುವಾದ ಆ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗ ತೆಳುಪದರಗಳ, ಅಂದರೆ ಥಿನ್ ಫಿಲ್ಮ್‌ಗಳ ಸಂಶೋಧನೆಗೆ ಹೆಸರಾದದ್ದು. ನೀನು ಪತ್ರದಲ್ಲಿ ಸೌರಕೋಶದ ಬಗ್ಗೆ ಬರೆದ ಎರಡು ಪುಟ ಓದಿದ ಮೇಲೆ ಈ ಮಾತು ಹೇಳುತ್ತಿದ್ದೇನೆ. ಸಂಶೋಧನೆ ನಿನ್ನ ದಾರಿಯಾಗಿದ್ದರೆ ಹೋಗು. ಆದರೆ ಹೋದರೆ ಅಲ್ಲೇ ಇರು, ದಿನಾ ಅಪ್-ಡೌನ್ ಮಾಡಬೇಡ. ಗಾಜಿನ ಪಟ್ಟಿಯನ್ನು ದ್ರಾವಣದ ಬೀಕರಿನಲ್ಲಿ ಇಳಿಬಿಟ್ಟರೆ ಪದರ ಕೂಡ್ರಲು ತನ್ನಷ್ಟು ಹೊತ್ತು ತಗೊಳ್ಳುತ್ತದೆ. ಆಮೇಲೆ ಅದನ್ನು ತೊಳೆದು, ಒಣಗಿಸಿ, ಫರ್ನೇಸಿನಲ್ಲಿ ಕಾಯಿಸಿ, ಎಕ್ಸ್‌ರೇ ಯಂತ್ರಕ್ಕೆ ಪಾಳಿ ಹಚ್ಚಿ ಕಾಯಬೇಕು. ಕೊಗನೊಳಿ ನಾಕಾ ದಾಟುವ ಸಂಜೆಯ ಬಸ್ಸು ತಪ್ಪೀತೆಂಬ ಚಿಂತೆಯಲ್ಲಿ ಆ ಕೆಲಸ ಆಗುವುದಿಲ್ಲ. ನಿನ್ನಪ್ಪ ಹೇಳುವ ನಲವತ್ತು ಕಿಲೋಮೀಟರು ನನಗೆ ಕಾರಣವೇ ಅಲ್ಲ. ಹತ್ತಿರವೆಂದು ಹೋಗಿ, ಮಧ್ಯಾಹ್ನವೇ ಬಸ್ ಹಿಡಿದು ಬರುವುದಾದರೆ ಕೊಟ್ಟ ಹೆಚ್ಚಿನ ದುಡ್ಡಿಗೆ ಬರೀ ಅಂಕಪಟ್ಟಿ ಬಂದೀತು.

ಇಲ್ಲ ಕಾಕಾ, ನನಗೆ ಪಾಠ ಹೇಳುವ ನೌಕರಿ ಸಾಕು ಎನ್ನುವುದಾದರೆ ಧಾರವಾಡಕ್ಕೇ ನಡೆ. ಅದೇನು ಸಣ್ಣ ಕೆಲಸವಲ್ಲ, ಜೀವಮಾನವೆಲ್ಲ ನಾನೂ ಅದನ್ನೇ ಮಾಡಿದವನು. ಎಲ್ಲಿ ಓದಿದರೂ ಕೆ-ಸೆಟ್, ನೆಟ್ ಬರೆಯಲು ಅಡ್ಡಿಯಿಲ್ಲ. ಉಳಿದ ಹಣ ಬಿ.ಇಡಿ.ಗೆ ಒದಗುತ್ತದೆ.

ಮುಂದಿನ ರವಿವಾರದೊಳಗೆ ಎರಡೂ ಕಡೆಯ ಎರಡು ವರ್ಷದ ಖರ್ಚು ಒಂದೇ ಹಾಳೆಯಲ್ಲಿ ಬರೆದು ತಾ: ಪ್ರವೇಶ, ಪರೀಕ್ಷೆ, ಪ್ರಯೋಗಾಲಯ, ರೂಮು, ಮೆಸ್ಸು, ಬಸ್ಸು ಎಲ್ಲ. ನಮ್ಮ ವಿದ್ಯಾರ್ಥಿವೇತನ ಹೊರರಾಜ್ಯದಲ್ಲಿ ಓದಿದರೂ ಬರುತ್ತದೆಯೇ ಎಂಬುದನ್ನು ಇಲಾಖೆಯ ಕಚೇರಿಗೆ ಹೋಗಿ ಇಬ್ಬರೂ ಕೇಳೋಣ. ಕೊಲ್ಲಾಪುರವೇ ಆದರೆ ಹೆಚ್ಚಿಗೆ ಬೀಳುವಷ್ಟನ್ನು ನನ್ನ ಪೆನ್ಶನ್ನಿನಿಂದ ಕೊಡುತ್ತೇನೆ. ನಿನ್ನಪ್ಪ ಕಬ್ಬಿನ ಬಿಲ್ಲಿನ ಮೇಲೆ ಸಾಲ ತೆಗೆಯುವುದು ಬೇಡ.

ತಮ್ಮನಿಗೂ ಒಂದು ಮಾತು ಹೇಳು. ಹತ್ತನೆಯದು ಮುಗಿಸಿ ಸಾಂಗಲಿಗೆ ಹೋಗುವ ಹಟ ಹಿಡಿದಿದ್ದಾನಂತೆ. ಹನ್ನೆರಡನೆಯದು ಎಲ್ಲಿ ಪಾಸಾಗುತ್ತಾನೋ ಎನ್‌ಐಟಿಯವರು ಅದನ್ನೇ ಅವನ ತವರು ರಾಜ್ಯ ಎಂದು ಹಿಡಿಯುತ್ತಾರೆ. ಸುರತ್ಕಲ್‌ನಲ್ಲಿ ಅರ್ಧ ಸೀಟು ಕರ್ನಾಟಕದವರಿಗಿವೆ. ಸಾಂಗಲಿಯಲ್ಲಿ ಓದಿದರೆ ಅವು ಅವನ ಕೈತಪ್ಪುತ್ತವೆ. ಫಾರ್ಮು ತುಂಬುವ ಮೊದಲು ಅವನನ್ನೂ ರವಿವಾರ ಕರಕೊಂಡು ಬಾ.

ಇಂತಿ,
ನಿನ್ನ ಪ್ರೀತಿಯ ಕಾಕಾ