ಹೂವಿಗಿಂತ ಮೊದಲು ಬೇರು

ಈ ದಿನದ ಪಾಠ ಬೇರಿನ ವಿಷಯ. ಲೂಕನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಮೂರು ವರ್ಷವಾದರೂ ಹಣ್ಣು ಕೊಡದ ಒಂದು ಅಂಜೂರದ ಮರ ಬರುತ್ತದೆ. ಯಜಮಾನ ಕಡಿಯಲು ಹೇಳಿದಾಗ ತೋಟಗಾರ ಇನ್ನೊಂದು ವರ್ಷ ಕೇಳುತ್ತಾನೆ. ಆ ವರ್ಷದಾಗ ಏನು ಮಾಡ್ತೀನಿ ಅಂದ? ಮೊದಲು ಸುತ್ತಲೂ ಅಗೆಯುವುದು, ಆಮೇಲೆ ಗೊಬ್ಬರ. ಕೊಂಬೆಯ ಮಾತೇ ಇಲ್ಲ ನೋಡ್ರಿ. ಅವನ ಕೈ ಹೋಗಿದ್ದು ಬೇರಿನ ಕಡೆಗೆ.

ನಿಮ್ಮ ಮನೆಗಳಿಗೆ ಪ್ರಾರ್ಥನೆಗೆ ಬಂದಾಗ ಕಿಟಕಿ ಹತ್ತಿರ ಇಟ್ಟ ಹೂವಿನ ಕುಂಡಗಳನ್ನು ನಾನು ನೋಡ್ತೀನಿ. ಆಂಥೂರಿಯಂ, ಬಿಗೋನಿಯಾ, ಪೀಸ್ ಲಿಲಿ. ತಂದಾಗ ತುಂಬಾ ಹೂವು, ಆರು ತಿಂಗಳಿಗೆ ಬರೀ ಹಳದಿ ಎಲೆ. ಮೂರು ಮಾತು ಹೇಳ್ತೀನಿ, ಬರಕೊಳ್ರಿ.

ಮೊದಲನೆಯದು: ಬೇರಿಗೆ ನೀರಿನಷ್ಟೇ ಗಾಳಿ ಬೇಕು. ಮಣ್ಣಿನ ಕಣಗಳ ನಡುವಿನ ಸಂದಿಯಲ್ಲಿರುವ ಗಾಳಿಯನ್ನು ಬೇರು ಉಸಿರಾಡುತ್ತದೆ. ಆ ಸಂದಿ ಯಾವಾಗಲೂ ನೀರಿನಿಂದ ತುಂಬಿದ್ದರೆ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಮೇಲಕ್ಕೆ ಎಳೆಯಲಾರದು. ಅದಕ್ಕೇ ಮಣ್ಣು ಹಸಿ ಇದ್ದರೂ ಎಲೆ ಜೋತು ಬೀಳ್ತದ. ನಾವು ಬಾಯಾರಿಕೆ ಅಂತ ತಿಳಿದು ಇನ್ನೂ ಒಂದು ತಂಬಿಗೆ ಸುರೀತೀವಿ.

ಹಾವೇರಿಯ ಒಬ್ಬ ತಾಯಿಯ ಮನೆಯಲ್ಲಿ ಹೀಗೇ ಆಗಿತ್ತು. ಮಗಳು ನರ್ಸಿಂಗ್ ಕೆಲಸಕ್ಕೆ ಬೆಂಗಳೂರಿಗೆ ಹೋಗುವಾಗ ಕೊಟ್ಟ ಆಂಥೂರಿಯಂ ಅದು. ಗಿಡ ಬಾಡಿದಷ್ಟೂ ಆಕೆ ದಿನಕ್ಕೆ ಎರಡು ಸಲ ನೀರು ಹಾಕಿದ್ದಳು. ಕುಂಡ ಬೋರಲು ಹಾಕಿ ನೋಡಿದೆವು. ಬೇರು ಕಂದು ಬಣ್ಣ, ಮೆತ್ತಗೆ, ಕೆಟ್ಟ ವಾಸನೆ. "ನಾನಽ ಕೊಂದೆನೇನ್ರಿ ಪಾಸ್ಟರ್?" ಅಂತ ಕಣ್ಣೀರು ಹಾಕಿದಳು. "ಇಲ್ಲಮ್ಮಾ, ಒಳಗ ಇನ್ನೂ ನಾಲ್ಕು ಬೇರು ಬೆಳ್ಳಗ ಅದಾವ ನೋಡ್ರಿ" ಅಂದೆ. ಕೊಳೆತದ್ದನ್ನು ಶುದ್ಧ ಚಾಕುವಿನಿಂದ ಕತ್ತರಿಸಿ, ಹೊಸ ಮಿಶ್ರಣದಲ್ಲಿ ನೆಟ್ಟು, ನೆರಳಲ್ಲಿ ಇಟ್ಟೆವು. ಹೊಸ ಎಲೆ ಬರುವವರೆಗೆ ಗೊಬ್ಬರ ಬೇಡ ಅಂದೆ. ಎರಡು ತಿಂಗಳ ಮೇಲೆ ಒಂದು ಎಲೆ ಬಂದಿದೆ. ಹೂವು ಇನ್ನೂ ಬಂದಿಲ್ಲ. ಆದರೆ ಗಿಡ ಬದುಕಿದೆ, ಸ್ತೋತ್ರ!

ಎರಡನೆಯದು: ಹೊಲದ ಮಣ್ಣು ಕುಂಡಕ್ಕೆ ಆಗುವುದಿಲ್ಲ. ನಮ್ಮ ಎರೆಮಣ್ಣು ನೀರು ಹಿಡಿದಿಡುತ್ತದೆ, ಅದಕ್ಕೇ ಹಿಂಗಾರಿ ಜೋಳ ಬರುತ್ತದೆ. ಆದರೆ ಕುಂಡದೊಳಗ ಅದೇ ಮಣ್ಣು ನೆಂದರೆ ಉಬ್ಬಿ ಗಾಳಿಯ ಸಂದಿ ಮುಚ್ಚುತ್ತದೆ, ಒಣಗಿದರೆ ಬಿರುಕು ಬಿಟ್ಟು ಎಳೆ ಬೇರನ್ನು ಹರಿಯುತ್ತದೆ. ಬ್ಯಾಡಗಿ ಕಡೆಯವರಿಗೆ ಇದು ಹೊಸದಲ್ಲ. ಮೆಣಸಿನಕಾಯಿ ಅಗಿ ಮಾಡುವಾಗ ನೀರು ನಿಲ್ಲಬಾರದು ಅಂತ ಮಡಿಯನ್ನು ಎತ್ತರ ಮಾಡ್ತೀರಿ, ಹೌದಲ್ಲೋ? ಕುಂಡಕ್ಕೂ ಅದೇ ನ್ಯಾಯ. ಮಸಾರಿ ಮಣ್ಣು ಎರಡು ಪಾಲು, ದಪ್ಪ ಉಸುಕು ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಪಾಲು. ಆಂಥೂರಿಯಂಗೆ ತೆಂಗಿನ ಸಿಪ್ಪೆಯ ಚೂರು, ಇದ್ದಿಲು, ಇಟ್ಟಿಗೆ ಚೂರು ಹೆಚ್ಚಿರಲಿ. ಕುಂಡದ ತಳದಲ್ಲಿ ತೂತು ಇರಲೇಬೇಕು. ಮಣ್ಣು ಜಾರದಂತೆ ಅದರ ಮೇಲೆ ಒಂದು ಹೆಂಚಿನ ಚೂರು ಸಾಕು.

ಮೂರನೆಯದು: ಅಳತೆ ಇರಲಿ. ಬೆರಳನ್ನು ಒಂದು ಇಂಚು ಮಣ್ಣಿಗೆ ಇಳಿಸಿ, ಒಣಗಿದ್ದರೆ ಮಾತ್ರ ತಳದಿಂದ ಹರಿಯುವಷ್ಟು ನೀರು ಹಾಕಿ. ಅರ್ಧ ಗಂಟೆ ಬಿಟ್ಟು ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ. ಬೇರು ಕುಂಡದ ಸುತ್ತ ಸುರುಳಿ ಸುತ್ತಿದ್ದರೆ ಬೆರಳಿನಿಂದ ಬಿಡಿಸಿ, ಒಂದೆರಡು ಇಂಚು ಮಾತ್ರ ದೊಡ್ಡದಾದ ಕುಂಡಕ್ಕೆ ಬದಲಿಸಿ. ಭಾಳ ದೊಡ್ಡ ಕುಂಡ ಬ್ಯಾಡ, ಬೇರು ಮುಟ್ಟದ ಮಣ್ಣು ಹಸಿಯಾಗೇ ಉಳೀತದ. ಹೂವಿನ ಆಸೆಗೆ ಯೂರಿಯಾ ಹಾಕಬ್ಯಾಡ್ರಿ. ಎಲೆ ಹೆಚ್ಚುತ್ತದೆ, ಹೂವಲ್ಲ. ಕೈ ಮೀರಿದರೆ ಬೇರೇ ಸುಡುತ್ತದೆ. ಸಂಶಯ ಇದ್ದರೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಪ್ರಿಯರೇ, ಆ ತಾಯಿಯ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಬೇರಿಗೆ ಏನು ಬೇಕು ಅಂತ ನೋಡಿರಲಿಲ್ಲ, ಅಷ್ಟೇ. ನಮ್ಮ ಮಕ್ಕಳಿಗೂ ಹೀಗೆ ಮಾಡ್ತೀವಿ. ಮಾರ್ಕ್ಸ್ ಕಡಿಮೆ ಬಂದರೆ ಇನ್ನೊಂದು ಟ್ಯೂಷನ್, ಇನ್ನೊಂದು ಬುದ್ಧಿಮಾತು. ಮಗು ಜೋತು ಬಿದ್ದಷ್ಟೂ ಇನ್ನೂ ಸುರೀತೀವಿ. ಅದಕ್ಕೆ ಉಸಿರಾಡಲು ಜಾಗ ಇದೆಯೋ ಅಂತ ಯಾರು ಕೇಳಿದ್ದೀವಿ?

ಈ ವಾರ ಒಂದು ಕೆಲಸ ಮಾಡಿ. ಮನೆಯಲ್ಲಿ ಹೂ ಬಿಡದ ಒಂದು ಕುಂಡದ ಬೇರನ್ನು ಬಿಚ್ಚಿ ನೋಡಿ. ಹಾಗೇ ಬಾಡಿದಂತೆ ಕಾಣುವ ಒಬ್ಬರ ಹತ್ತಿರ ಕುಳಿತು, ಉಪದೇಶ ಮಾಡದೆ, ಅವರ ಮಾತು ಕೇಳಿ. ಮುಂದಿನ ಭಾನುವಾರ ಸಾಕ್ಷಿ ಹೇಳೋಣ. ಆಮೆನ್.