ನಾಲ್ಕು ಕೈಗಳ ಸಂಗೀತ

ಪಾಶ್ಚಾತ್ಯ ಸಂಗೀತದ ವಾದ್ಯಗಳಲ್ಲಿ ಪಿಯಾನೊ ಪ್ರಮುಖವಾದುದು. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಬಾರ್ತಲೊಮಿಯೊ ಕ್ರಿಸ್ತೋಫೊರಿ ಎಂಬ ಕುಶಲಿಯು ಇದನ್ನು ರೂಪಿಸಿದನು. ಹಾರ್ಮೋನಿಯಮ್ಮಿನಲ್ಲಿರುವಂತೆ ಇದರಲ್ಲಿಯೂ ಕಪ್ಪು ಬಿಳುಪಿನ ಮನೆಗಳಿವೆ. ಮನೆಯೊಂದನ್ನು ಒತ್ತಿದೊಡನೆ ಒಳಗಿನ ಪುಟ್ಟ ಸುತ್ತಿಗೆಯು ತಂತಿಗೆ ತಾಗಿ ನಾದ ಹೊರಡುತ್ತದೆ. ಬೆರಳು ಮೆಲ್ಲನೆ ಒತ್ತಿದರೆ ನಾದ ಮೃದು. ಬಲವಾಗಿ ಒತ್ತಿದರೆ ಗಂಭೀರ. ಇಂದಿನ ಪಿಯಾನೊದಲ್ಲಿ ಸಾಮಾನ್ಯವಾಗಿ 88 ಮನೆಗಳಿರುತ್ತವೆ. ಒಬ್ಬ ವಾದಕನ ಹತ್ತು ಬೆರಳುಗಳಿಗೆ ಒಮ್ಮೆಗೆ ನಿಲುಕುವುದು ಇವುಗಳಲ್ಲಿ ಕೆಲವೇ. ಇಬ್ಬರು ಜೊತೆಗೂಡಿದಾಗ ಈ ವಾದ್ಯದ ಸಂಪತ್ತೆಲ್ಲ ಏಕಕಾಲದಲ್ಲಿ ತೆರೆದುಕೊಳ್ಳುತ್ತದೆ. ಪಿಯಾನೊ ಯುಗಳವಾದನ ಹುಟ್ಟಿದುದು ಹೀಗೆ.

ಯುಗಳವಾದನದಲ್ಲಿ ಎರಡು ಬಗೆಗಳುಂಟು. ಒಂದೇ ಪಿಯಾನೊದ ಮುಂದೆ ಇಬ್ಬರೂ ಒತ್ತೊತ್ತಾಗಿ ಕುಳಿತು ನುಡಿಸುವುದು ಮೊದಲನೆಯ ಬಗೆ. ಬಲಗಡೆ ಕುಳಿತವರದು ತಾರಸ್ವರಗಳ ಭಾಗ. ಎಡಗಡೆ ಕುಳಿತವರದು ಮಂದ್ರಸ್ವರಗಳ ಭಾಗ. ನಾದವನ್ನು ಎಳೆದು ನಿಲ್ಲಿಸುವ ಪೆಡಲನ್ನು ಕಾಲಿನಿಂದ ಒತ್ತುವ ಹೊಣೆ ಸಾಮಾನ್ಯವಾಗಿ ಎಡಗಡೆಯವರಿಗೆ ಸೇರುತ್ತದೆ. ಇಲ್ಲಿ ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗದಂತೆ, ಒಬ್ಬರು ಬಿಟ್ಟ ಮನೆಯನ್ನು ಮರುಕ್ಷಣವೇ ಇನ್ನೊಬ್ಬರು ಹಿಡಿಯುವಂತೆ ನುಡಿಸಬೇಕಾಗುತ್ತದೆ. ಎರಡು ಪಿಯಾನೊಗಳನ್ನಿರಿಸಿ ನುಡಿಸುವುದು ಎರಡನೆಯ ಬಗೆ. ಇದರಲ್ಲಿ ಇಬ್ಬರಿಗೂ ಪೂರ್ಣ ಸ್ವಾತಂತ್ರ್ಯವುಂಟು. ಆದರೆ ವಿಶಾಲವಾದ ಸ್ಥಳವೂ ಹೆಚ್ಚಿನ ವೆಚ್ಚವೂ ಅಗತ್ಯ.

ಯುಗಳವಾದನಕ್ಕೆ ಕೃತಿಯನ್ನು ಆರಿಸಿಕೊಳ್ಳುವುದು ನುಡಿಸುವುದರಷ್ಟೇ ಮುಖ್ಯವಾದ ಕಾರ್ಯ. ನಮ್ಮ ಜುಗಲ್‌ಬಂದಿಯಲ್ಲಿ ಕಲಾವಿದರು ವೇದಿಕೆಯ ಮೇಲೆಯೇ ತಮ್ಮ ಮನೋಧರ್ಮದಿಂದ ರಾಗವನ್ನು ವಿಸ್ತರಿಸುತ್ತಾರೆ. ಒಬ್ಬರಿಗೆ ಅವಕಾಶ ಕಡಿಮೆಯಾದರೆ ಇನ್ನೊಬ್ಬರು ಅಲ್ಲಿಯೇ ಅದನ್ನು ಸರಿದೂಗಿಸಬಹುದು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಾದರೋ ಪ್ರತಿಯೊಂದು ಸ್ವರವನ್ನೂ ರಚನಕಾರನು ಬಹುಮಟ್ಟಿಗೆ ಮೊದಲೇ ಬರೆದಿಟ್ಟಿರುತ್ತಾನೆ. ಇಬ್ಬರ ಪಾಲು ಎಷ್ಟೆಷ್ಟು ಎಂಬುದು ಕೃತಿಯನ್ನು ಆರಿಸಿದ ಗಳಿಗೆಯಲ್ಲಿಯೇ ನಿರ್ಧಾರವಾಗಿಬಿಡುತ್ತದೆ. ಆದುದರಿಂದಲೇ ಬಲ್ಲವರು ಕೃತಿಯನ್ನು ಕೈಗೆತ್ತಿಕೊಳ್ಳುವ ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದರಲ್ಲಿ ಇಬ್ಬರಿಗೂ ಹೇಳುವ ಮಾತಿದೆಯೇ?

ಇದಕ್ಕೆ ಮೊತ್ಸಾರ್ಟ್ ಮನೆತನದ ಅಕ್ಕತಮ್ಮಂದಿರು ಉತ್ತಮ ನಿದರ್ಶನ. ಆಸ್ಟ್ರಿಯದ ಸಾಲ್ಟ್ಸ್‌ಬರ್ಗಿನಲ್ಲಿ 1756ರಲ್ಲಿ ಜನಿಸಿದ ವೊಲ್ಫ್‌ಗಾಂಗ್ ಮೊತ್ಸಾರ್ಟ್ ಬಾಲಪ್ರತಿಭೆಯೆಂದು ಲೋಕವಿಖ್ಯಾತನಾದನು. ಅವನಿಗಿಂತ ನಾಲ್ಕೂವರೆ ವರ್ಷ ಹಿರಿಯಳಾದ ಅಕ್ಕ ಮರಿಯಾ ಆನಾ ಕೂಡ ಅಸಾಧಾರಣ ವಾದಕಿ. 1765ರಲ್ಲಿ ಲಂಡನ್ನಿನಲ್ಲಿ ಇವರಿಬ್ಬರೂ ಪಿಯಾನೊಕ್ಕಿಂತ ಪ್ರಾಚೀನವಾದ ಹಾರ್ಪ್ಸಿಕಾರ್ಡ್ ವಾದ್ಯವನ್ನು ನಾಲ್ಕು ಕೈಗಳಿಂದ ನುಡಿಸಿ ಜನರನ್ನು ಬೆರಗುಗೊಳಿಸಿದರು. ಆದರೆ ಕಾಲ ಅಕ್ಕನಿಗೆ ಅನುಕೂಲವಾಗಿರಲಿಲ್ಲ. 1769ರ ಡಿಸೆಂಬರಿನಲ್ಲಿ ತಂದೆಯು ಮಗನನ್ನು ಮಾತ್ರ ಇಟಲಿಯ ಪ್ರವಾಸಕ್ಕೆ ಕರೆದೊಯ್ದನು. ಆಗ 18 ವರ್ಷದವಳಾಗಿದ್ದ ಮರಿಯಾ ಆನಾ ತಾಯಿಯೊಡನೆ ಊರಿನಲ್ಲಿಯೇ ಉಳಿದಳು. ಹೊರನಾಡುಗಳ ವೇದಿಕೆ ಅವಳ ಪಾಲಿಗೆ ಮುಚ್ಚಿಹೋಯಿತು. ಮನೆಯ ಪಿಯಾನೊದ ಮುಂದೆ ಮಾತ್ರ ಅವಳ ಆಸನ ತೆರವಾಗಲಿಲ್ಲ. ಮೊತ್ಸಾರ್ಟ್ 1779ರ ಸುಮಾರಿಗೆ ಎರಡು ಪಿಯಾನೊಗಳಿಗಾಗಿ ರಚಿಸಿದ ಕಾನ್ಸರ್ಟೊ ಅಕ್ಕನೊಡನೆ ನುಡಿಸಲೆಂದೇ ಹುಟ್ಟಿದುದೆಂದು ನಂಬಲಾಗಿದೆ. ಅದರಲ್ಲಿ ಒಬ್ಬರು ನುಡಿಸಿದ ಸ್ವರಪಂಕ್ತಿಯನ್ನೇ ಇನ್ನೊಬ್ಬರು ಎತ್ತಿಕೊಂಡು ಉತ್ತರಿಸುತ್ತಾರೆ. ಮೇಲು ಕೀಳೆಂಬ ಭೇದವಿಲ್ಲ. 1780ರ ಸುಮಾರಿಗೆ ಬರೆದ ಕುಟುಂಬಚಿತ್ರವೊಂದರಲ್ಲಿ ಅಕ್ಕತಮ್ಮಂದಿರು ಒಂದೇ ವಾದ್ಯದ ಮುಂದೆ, ಒಬ್ಬರ ಕೈ ಇನ್ನೊಬ್ಬರ ಕೈಯನ್ನು ದಾಟಿರುವಂತೆ ಕುಳಿತಿದ್ದಾರೆ. ಲೋಕವು ಸಮಾನವೆಂದು ಎಣಿಸದಿದ್ದ ಇಬ್ಬರನ್ನು ಸಂಗೀತವು ಸಮಾನರನ್ನಾಗಿ ಕೂರಿಸಿತ್ತು.

ಸಮಾನತೆಯೆಂದರೆ ಇಬ್ಬರೂ ಒಂದೇ ಬಗೆಯ ಕೆಲಸ ಮಾಡಬೇಕೆಂದಲ್ಲ. ವಿಯೆನ್ನಾದ ಫ್ರಾನ್ಸ್ ಶೂಬರ್ಟ್ 1828ರಲ್ಲಿ ರಚಿಸಿ, ತನ್ನ ಶಿಷ್ಯೆಯಾಗಿದ್ದ ಕ್ಯಾರೊಲಿನ್ ಎಸ್ತರ್ಹಾಜಿಗೆ ಅರ್ಪಿಸಿದ ಎಫ್ ಮೈನರ್ ಫ್ಯಾಂಟಸಿ ಇದಕ್ಕೆ ಸಾಕ್ಷಿ. ಅದರ ಆರಂಭದಲ್ಲಿ ಎಡಗಡೆಯ ವಾದಕನು ನೀರಿನಲೆಯಂತೆ ತೂಗುವ ಮಂದಸ್ವರಗಳನ್ನು ನುಡಿಸುತ್ತಾನೆ. ಅದರ ಮೇಲೆ ಬಲಗಡೆಯವನ ಕರುಣಗೀತೆ ತೇಲಿಬರುತ್ತದೆ. ಕೇಳುಗರ ಗಮನ ಸಹಜವಾಗಿ ಗೀತೆಯತ್ತ ಹರಿಯುತ್ತದೆ. ಆದರೆ ಕೆಳಗಿನ ಅಲೆ ತುಸು ತಪ್ಪಿದರೂ ಮೇಲಿನ ಗೀತೆ ಮುಗ್ಗರಿಸುತ್ತದೆ. ಅಸ್ತಿಭಾರ ಕಣ್ಣಿಗೆ ಕಾಣದಿದ್ದರೂ ಮನೆ ನಿಂತಿರುವುದು ಅದರ ಮೇಲೆಯೇ ಅಲ್ಲವೇ?

ಗ್ರಾಮಫೋನು ರೇಡಿಯೊಗಳು ಮನೆಮನೆಗೆ ತಲುಪಿರದ ಆ ಶತಮಾನದಲ್ಲಿ ನಾಲ್ಕು ಕೈಗಳ ವಾದನ ಇನ್ನೊಂದು ಮಹತ್ಕಾರ್ಯವನ್ನು ಮಾಡಿತು. ಅನೇಕ ವಾದ್ಯಗಾರರು ಕೂಡಿ ನುಡಿಸುವ ಸಿಂಫನಿಯನ್ನು ಕೇಳುವ ಭಾಗ್ಯ ಹೆಚ್ಚಾಗಿ ದೊಡ್ಡ ನಗರಗಳ ಜನರಿಗೆ ದೊರೆಯುತ್ತಿತ್ತು. ಅಂಥ ಕೃತಿಗಳನ್ನು ಪಿಯಾನೊಕ್ಕೆ ಅಳವಡಿಸಿ ಮುದ್ರಿಸಿದುದರಿಂದ ಸಾಮಾನ್ಯ ಕುಟುಂಬಗಳೂ ತಮ್ಮ ಮನೆಯಲ್ಲಿಯೇ ಅವನ್ನು ಅರಿಯುವಂತಾಯಿತು. ಜರ್ಮನಿಯ ಬ್ರಾಮ್ಸ್ ತನ್ನ ನಾಲ್ಕು ಸಿಂಫನಿಗಳನ್ನೂ ತಾನೇ ಇಬ್ಬರು ವಾದಕರಿಗಾಗಿ ಅಳವಡಿಸಿದನು. ಅವನ ಹಂಗೇರಿಯನ್ ನೃತ್ಯಗಳು 1869ರಲ್ಲಿ ಮೊದಲು ಪ್ರಕಟವಾದುದು ನಾಲ್ಕು ಕೈಗಳ ಕೃತಿಗಳಾಗಿಯೇ. ಬೊಹಿಮಿಯದ ದ್ವೊರ್ಝಾಕ್ 1878ರಲ್ಲಿ ರಚಿಸಿದ ಎಂಟು ಸ್ಲಾವೊನಿಕ್ ನೃತ್ಯಗಳು ಅವನಿಗೆ ಯುರೋಪಿನಾದ್ಯಂತ ಕೀರ್ತಿಯನ್ನು ತಂದವು.

ಹಾಗಾದರೆ ಎಳೆಯರು ಏನನ್ನು ನುಡಿಸಬೇಕು? ಫ್ರಾನ್ಸಿನ ಮಾರಿಸ್ ರಾವೆಲ್ ತನ್ನ ಮಿತ್ರರ ಇಬ್ಬರು ಮಕ್ಕಳಿಗಾಗಿ ಕಿನ್ನರಕಥೆಗಳನ್ನು ಆಧರಿಸಿದ ಐದು ನಾಲ್ಕು-ಕೈ ಕೃತಿಗಳನ್ನು ಬರೆದನು. 1910ರಲ್ಲಿ ಪ್ಯಾರಿಸಿನಲ್ಲಿ ಅವನ್ನು ಮೊತ್ತಮೊದಲು ನುಡಿಸಿದವರು ಇಬ್ಬರು ಬಾಲಕಿಯರು. ನಿದ್ರಿಸುವ ರಾಜಕುಮಾರಿಯನ್ನು ಕುರಿತ ಮೊದಲನೆಯ ಕೃತಿಯಲ್ಲಿ ಬೆರಳುಗಳ ಓಟವಿಲ್ಲ, ಆರ್ಭಟವಿಲ್ಲ. ಇರುವುದು ಕೆಲವೇ ಸ್ವರಗಳು. ಆದರೂ ಸಂಗೀತಜ್ಞರು ಅದನ್ನು ಶ್ರೇಷ್ಠ ಕೃತಿಯೆಂದು ಗೌರವಿಸುತ್ತಾರೆ. ಸರಳವಾದುದೆಲ್ಲ ಕೀಳಲ್ಲ, ಕಠಿಣವಾದುದೆಲ್ಲ ಮೇಲಲ್ಲ ಎಂಬುದನ್ನು ಇದು ತಿಳಿಸಿಕೊಡುತ್ತದೆ.

ಇಬ್ಬರಲ್ಲಿ ಒಬ್ಬರು ಹೆಚ್ಚು ಕುಶಲರಾಗಿರುವುದು ಸಹಜ. ಆಗ ಕುಶಲರಾದವರು ತಮ್ಮ ಚಾತುರ್ಯದ ಪ್ರದರ್ಶನಕ್ಕೆ ಒದಗುವ ಕೃತಿಯನ್ನು ಆರಿಸಿದರೆ ಜೊತೆಗಾರರು ಹಿಂದುಳಿಯುತ್ತಾರೆ, ಕೃತಿಯೂ ಕೆಡುತ್ತದೆ. ಇಬ್ಬರಿಗೂ ನಿಲುಕುವುದನ್ನು ಆರಿಸಿ, ಆಗಾಗ ಎಡಬಲಗಳ ಸ್ಥಾನವನ್ನು ಬದಲಿಸಿಕೊಂಡರೆ ಒಬ್ಬರ ಕಷ್ಟ ಇನ್ನೊಬ್ಬರಿಗೆ ಅರ್ಥವಾಗುತ್ತದೆ. ತನ್ನ ಸ್ವರವನ್ನು ನುಡಿಸುತ್ತಿರುವಾಗಲೇ ಪಕ್ಕದವರ ಸ್ವರಕ್ಕೆ ಕಿವಿಗೊಡುವುದು ಯುಗಳವಾದನದ ಮರ್ಮ. ಆ ಅಭ್ಯಾಸ ಆರಂಭವಾಗುವುದು ಮೊದಲ ಸ್ವರವನ್ನು ಒತ್ತುವಾಗ ಅಲ್ಲ. ಇಬ್ಬರೂ ಕೂಡಿ ಕೃತಿಯನ್ನು ಆರಿಸುವಾಗ.

ಅಭ್ಯಾಸ

1. ಪಿಯಾನೊ ಯುಗಳವಾದನದ ಎರಡು ಬಗೆಗಳಿಗಿರುವ ವ್ಯತ್ಯಾಸವೇನು?
2. ಜುಗಲ್‌ಬಂದಿಗೂ ಪಿಯಾನೊ ಯುಗಳವಾದನಕ್ಕೂ ಇರುವ ಭೇದವನ್ನು ವಿವರಿಸಿ.
3. ಮರಿಯಾ ಆನಾಳ ಜೀವನದಲ್ಲಿ ಯುಗಳವಾದನಕ್ಕಿದ್ದ ಮಹತ್ತ್ವವೇನು?
4. ‘ಸರಳವಾದುದೆಲ್ಲ ಕೀಳಲ್ಲ, ಕಠಿಣವಾದುದೆಲ್ಲ ಮೇಲಲ್ಲ’ — ಈ ಮಾತನ್ನು ಪಾಠದ ಆಧಾರದಿಂದ ಸಮರ್ಥಿಸಿ.