ಶಿಶುಗಳ ಕೈಗೆಲಸವೂ ತಾಯಂದಿರ ತಾಳ್ಮೆಯೂ

ಈ ಸ್ಮರಣ ಸಂಚಿಕೆಯನ್ನು ಓದುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿದ್ದಾರೆ. ಕೆಲವರು ಅಜ್ಜಿಯರೂ ಆಗಿದ್ದಾರೆ. ಅವರು ಶಾಲೆಗೆ ಬಂದಾಗಲೆಲ್ಲಾ ನಮ್ಮೊಡನೆ ಕೇಳುವ ಪ್ರಶ್ನೆಯೊಂದುಂಟು: “ಟೀಚರ್, ಮಗುವನ್ನು ಮನೆಯಲ್ಲಿ ಒಂದು ಗಳಿಗೆಯಾದರೂ ಸುಮ್ಮನೆ ಕುಳ್ಳಿರಿಸುವುದು ಹೇಗೆ? ಮೊಬೈಲು ಕೊಡದಿದ್ದರೆ ಅದು ಅನ್ನವನ್ನೇ ಮುಟ್ಟುವುದಿಲ್ಲ.” ಎರಡರಿಂದ ನಾಲ್ಕು ವರ್ಷ ಪ್ರಾಯದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕಾಲ ಇಂಥ ಪರದೆಗಳ ಮುಂದೆ ಕುಳಿತಿರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂಬುದಾಗಿ ವಿಶ್ವ ಆರೋಗ್ಯ ಸಂಸ್ಥೆಯವರು 2019ರಲ್ಲಿ ತಿಳಿಸಿದ್ದಾರೆ. ಆದರೆ ಬೇಡವೆಂದು ಕಸಿದುಕೊಂಡ ಕೈಗೆ ಬೇರೇನನ್ನಾದರೂ ಕೊಡಬೇಕಷ್ಟೆ. ಏನು ಕೊಡಬಹುದು, ಹೇಗೆ ಕೊಡಬೇಕು ಎಂಬುದನ್ನು ನಮ್ಮ ಶಿಶುವರ್ಗದ ಅನುಭವದಿಂದ ಇಲ್ಲಿ ಬರೆಯುತ್ತೇವೆ. ಇವುಗಳಲ್ಲಿ ಕಾಸು ಖರ್ಚಾಗುವ ಸಾಮಾನು ಬಹಳ ಕಡಿಮೆ. ಖರ್ಚಾಗುವುದು ತಾಳ್ಮೆಯೊಂದೇ.

ಹಿರಿಯರು ತೋರಿಸಿದ ದಾರಿ

ಚಿಕ್ಕ ಮಕ್ಕಳು ಕೈಯಿಂದ ಕಲಿಯುತ್ತಾರೆಂಬ ಮಾತು ಹೊಸತಲ್ಲ. ಜರ್ಮನಿಯ ಫ್ರೋಬೆಲ್ ಎಂಬವರು 1782ರಲ್ಲಿ ಒಬ್ಬ ಪಾದ್ರಿಯ ಮಗನಾಗಿ ಹುಟ್ಟಿ, ಒಂದು ವರ್ಷ ತುಂಬುವುದರೊಳಗೆ ತಾಯಿಯನ್ನು ಕಳೆದುಕೊಂಡರು. ತಾಯಿಯ ಮಡಿಲನ್ನು ಅರಿಯದೆ ಬೆಳೆದ ಈ ಮನುಷ್ಯನೇ ಮುಂದೆ ಸಣ್ಣ ಮಕ್ಕಳಿಗಾಗಿ 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಲ್ಲಿ ಆಟದ ಶಾಲೆಯನ್ನು ತೆರೆದರು. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟರು. ಉಣ್ಣೆಯ ಬಣ್ಣದ ಚೆಂಡುಗಳು, ಮರದ ಗುಂಡು, ಎಂಟು ತುಂಡುಗಳಾಗುವ ಮರದ ಘನ—ಇವು ಅವರು ಮಕ್ಕಳಿಗೆ ಕೊಟ್ಟ ‘ಕಾಣಿಕೆ’ಗಳು. ಕಾಗದ ಮಡಚುವುದು, ಚಾಪೆ ಹೆಣೆಯುವುದು, ಮಣ್ಣಿನಲ್ಲಿ ಬೊಂಬೆ ಮಾಡುವುದು ಅಲ್ಲಿಯ ನಿತ್ಯದ ಕೆಲಸಗಳಾಗಿದ್ದವು. 1851ರಲ್ಲಿ ಪ್ರಷ್ಯದ ಸರಕಾರವು ಈ ಶಾಲೆಗಳನ್ನು ನಿಷೇಧಿಸಿತು; ಮರುವರ್ಷವೇ ಅವರು ತೀರಿಕೊಂಡರು. 1860ರಲ್ಲಿ ನಿಷೇಧವು ತೆಗೆಯಲ್ಪಟ್ಟಿತಾದರೂ ಅದನ್ನು ನೋಡಲು ಅವರು ಇರಲಿಲ್ಲ.

ಇಟಲಿಯ ವೈದ್ಯೆ ಮರಿಯಾ ಮಾಂಟೆಸೊರಿಯವರು 1907ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ‘ಮಕ್ಕಳ ಮನೆ’ಯನ್ನು ತೆರೆದರು. 1939ರಲ್ಲಿ ಮದ್ರಾಸಿಗೆ ಬಂದ ಅವರು ಯುದ್ಧಕಾಲವನ್ನೆಲ್ಲಾ ನಮ್ಮ ದೇಶದಲ್ಲಿಯೇ ಕಳೆದು, ಇಲ್ಲಿಯ ಅನೇಕ ಉಪಾಧ್ಯಾಯರಿಗೆ ಶಿಕ್ಷಣವಿತ್ತರು. ಅವರ ಬರಹಗಳಿಂದ ಪ್ರೇರಿತರಾದ ಗಿಜುಭಾಯಿ ಬಧೇಕಾ ಎಂಬವರು ವಕೀಲಿ ವೃತ್ತಿಯನ್ನು ಬಿಟ್ಟು, 1920ರಲ್ಲಿಯೇ ಭಾವನಗರದಲ್ಲಿ ಬಾಲಮಂದಿರವನ್ನು ಸ್ಥಾಪಿಸಿದ್ದರು. ದೇಶ ಬೇರೆ, ಸಾಧನ ಬೇರೆಯಾದರೂ ಈ ಮೂವರು ಒಂದು ವಿಷಯವನ್ನು ಒತ್ತಿ ತೋರಿಸಿದರು: ಮಗುವು ಕೈಯಾರೆ ಮಾಡಿದ್ದೇ ಅದರ ಪಾಠ.

ಮೂರು ವರ್ಷದವರಿಗೆ: ವಿಂಗಡಿಸುವುದು, ಸುರಿಯುವುದು

ಅಡಿಗೆಮನೆಯ ಎರಡು ಲೋಟಗಳನ್ನೂ ಒಂದು ಹರಿವಾಣವನ್ನೂ ಕೊಡಿರಿ. ಒಂದು ಲೋಟದಲ್ಲಿ ಅರ್ಧಕ್ಕೆ ನೀರು ಹಾಕಿ, ಇನ್ನೊಂದಕ್ಕೆ ಸುರಿಯಲು ಹೇಳಿರಿ. ಚೆಲ್ಲಿದರೆ ಒರೆಸಲು ಒಂದು ಚಿಂದಿಯನ್ನು ಪಕ್ಕದಲ್ಲಿಡಿರಿ. ಒರೆಸುವುದೂ ಆಟದ ಒಂದು ಭಾಗವೇ. ಕಡಲ ಬದಿಯ ಮನೆಗಳಲ್ಲಿ ಮರುವಾಯಿಯ ಚಿಪ್ಪುಗಳಿಗೆ ಬಡತನವಿಲ್ಲ. ಅವುಗಳನ್ನು ತೊಳೆದು ಒಣಗಿಸಿ, ಅಂಚು ಒಡೆದವನ್ನು ಬಿಸುಟು, ದೊಡ್ಡವು ಒಂದು ಗೆರಟೆಗೆ, ಸಾಧಾರಣದವು ಇನ್ನೊಂದಕ್ಕೆ ಎಂದು ವಿಂಗಡಿಸಲಿ. ಲೆಕ್ಕಕ್ಕಿಂತ ಮುಂಚೆ ಬರಬೇಕಾದದ್ದು ಈ ‘ಹೋಲಿಸುವ’ ಬುದ್ಧಿ.

ನಾಲ್ಕು ವರ್ಷದವರಿಗೆ: ಮಣ್ಣು, ಮಣಿ, ಅಕ್ಷರ

ಕುಂಬಾರರ ಮಣ್ಣು ದೊರೆತರೆ ಉತ್ತಮ. ಕಲ್ಲು ಕಡ್ಡಿಗಳನ್ನು ತೆಗೆದು, ಕೈಗಂಟದಷ್ಟು ಹದಕ್ಕೆ ನಾದಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಕೆಲವು ದಿನ ಬಾಳುವುದು. ಮಣ್ಣು ಸಿಗದ ಪೇಟೆಯವರು ಚಪಾತಿಯ ಹಿಟ್ಟಿಗೆ ಉಪ್ಪನ್ನು ಧಾರಾಳವಾಗಿ ಬೆರೆಸಿ ನಾದಿಕೊಳ್ಳಬಹುದು. ಮೊದಲು ಉಂಡೆ ಮಾಡಲಿ. ಉಂಡೆಗೆ ಹಿಡಿಸೂಡಿಯ ಕಡ್ಡಿಯಿಂದ ತೂತು ಮಾಡಿ, ನೆರಳಲ್ಲಿ ಒಣಗಿಸಿದರೆ ಮಣಿಯಾಗುವುದು. ಎರಡು ದೊಡ್ಡದು, ಒಂದು ಚಿಕ್ಕದು. ಮತ್ತೆ ಎರಡು ದೊಡ್ಡದು, ಒಂದು ಚಿಕ್ಕದು ಎಂದು ದಾರಕ್ಕೆ ಪೋಣಿಸುವಾಗ ಮಗುವಿಗೆ ಕ್ರಮದ ಜ್ಞಾನವು ಬರುವುದು.

ಬಳಿಕ ಮಣ್ಣನ್ನು ಮಣೆಯ ಮೇಲೆ ಉರುಳಿಸಿ ಹುರಿ ಮಾಡಲಿ. ನಮ್ಮ ಕನ್ನಡದ ಅಕ್ಷರಗಳು ದುಂಡಾಗಿರುವುದು ಇಲ್ಲಿ ದೊಡ್ಡ ಅನುಕೂಲ. ಹುರಿಯ ಎರಡು ತುದಿಗಳನ್ನು ಕೂಡಿಸಿದರೆ ಸೊನ್ನೆ. ಸೊನ್ನೆಯ ನಡುವೆ ಒಂದು ಸಣ್ಣ ಉಂಡೆಯನ್ನಿಟ್ಟರೆ ‘ಠ’. ಸೊನ್ನೆಗೆ ತಲೆಕಟ್ಟನ್ನು ಸೇರಿಸಿದರೆ ‘ರ’. ಪೆನ್ಸಿಲು ಹಿಡಿದು ಬೆರಳು ನೋಯಿಸಿಕೊಳ್ಳುವ ಮುಂಚೆಯೇ ಅಕ್ಷರದ ತಿರುವು ಮಗುವಿನ ಕೈಗೆ ಪರಿಚಯವಾಗುವುದು. ಮಾಂಟೆಸೊರಿಯವರು ಮರಳುಕಾಗದದ ಅಕ್ಷರಗಳನ್ನು ಮಾಡಿಸಿ ಬೆರಳಿನಿಂದ ಸವರಿಸುತ್ತಿದ್ದರು. ನಮ್ಮ ಹಳ್ಳಿಯ ಐಗಳ ಮಠಗಳಲ್ಲಿ ಮಕ್ಕಳು ಮರಳ ಮೇಲೆ ಬೆರಳಿಟ್ಟು ತಿದ್ದಿದ್ದೂ ಇದೇ ರೀತಿಯದಲ್ಲವೇ? ರಟ್ಟಿನ ಮೇಲೆ ಅಂಟಿನಿಂದ ಅಕ್ಷರ ಬರೆದು, ಜರಡಿ ಹಿಡಿದ ಮರಳನ್ನು ಉದುರಿಸಿದರೆ ಇಂಥ ಅಕ್ಷರವು ಮನೆಯಲ್ಲಿಯೇ ಸಿದ್ಧವಾಗುವುದು.

ಅಂಟನ್ನು ಕೊಂಡುಕೊಳ್ಳಬೇಕಾಗಿಲ್ಲ. ಎರಡು ದೊಡ್ಡ ಚಮಚ ಮೈದಾ ಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಮಗುಚುತ್ತಾ ಇದ್ದರೆ ಸ್ವಲ್ಪ ಹೊತ್ತಿನಲ್ಲಿ ಗಟ್ಟಿಯಾಗುವುದು. ಹಿಂದೆ ಹುಳ ಹಿಡಿಯದಂತೆ ಇದಕ್ಕೆ ಮೈಲುತುತ್ತು ಬೆರೆಸುವ ವಾಡಿಕೆಯಿತ್ತು. ಅದು ವಿಷ, ಮಕ್ಕಳ ಅಂಟಿಗೆ ಕೂಡದು. ಎರಡು ದಿನಕ್ಕೊಮ್ಮೆ ಹೊಸದಾಗಿ ಕಾಸಿಕೊಂಡರಾಯಿತು.

ಐದು ವರ್ಷದವರಿಗೆ: ಗರಿಯ ಚಾಪೆ, ಅರಸಿನದ ಚಿತ್ರ

ಹಸಿ ತೆಂಗಿನ ಗರಿಯಿಂದ ಕಡ್ಡಿಯನ್ನು ಬಿಡಿಸಿ, ಗೇಣುದ್ದದ, ಬೆರಳಗಲದ ಹತ್ತು ಪಟ್ಟಿಗಳನ್ನು ಮಾಡಿಕೊಳ್ಳಿರಿ. ಐದನ್ನು ಮಣೆಯ ಮೇಲೆ ಒತ್ತಾಗಿ ಉದ್ದಕ್ಕೆ ಹಾಸಿ, ಮೇಲ್ತುದಿಯ ಮೇಲೆ ಒಂದು ಭಾರವನ್ನಿಡಿರಿ. ಆರನೆಯದನ್ನು ಅಡ್ಡಲಾಗಿ ಒಂದರ ಮೇಲೆ, ಒಂದರ ಕೆಳಗೆ ಹಾಯಿಸಲಿ. ಏಳನೆಯದು ಒಂದರ ಕೆಳಗೆ, ಒಂದರ ಮೇಲೆ. ಬಾಯಿಯಿಂದ “ಮೇಲೆ, ಕೆಳಗೆ” ಎಂದು ಹೇಳುತ್ತಾ ಮಾಡಿದರೆ ಕೈಗೂ ಮಾತಿಗೂ ತಾಳ ಕೂಡುವುದು.

ಚಿತ್ರಕ್ಕೆ ಅರಸಿನದ ಪುಡಿಯನ್ನು ನೀರಿನಲ್ಲಿ ಕದಡಿ, ಬಿಳಿ ಕಾಗದಕ್ಕೆ ಬಳಿದು ಒಣಗಿಸಿರಿ. ಬಟ್ಟೆ ಒಗೆಯುವ ಸಾಬೂನನ್ನು ನೀರಿನಲ್ಲಿ ಕರಗಿಸಿ, ಕಡ್ಡಿಗೆ ಹತ್ತಿ ಸುತ್ತಿ ಅದರಿಂದ ಬರೆಯಲಿ: ಹಳದಿಯ ಮೇಲೆ ಕೆಂಪು ಗೆರೆ ಮೂಡುವುದು. ಅದರ ಮೇಲೆ ಲಿಂಬೆಯ ರಸವನ್ನು ತೊಟ್ಟಿಕ್ಕಿಸಿದರೆ ಕೆಂಪು ಮಾಯವಾಗಿ ಮತ್ತೆ ಹಳದಿ ಬರುವುದು. ಸಾಬೂನಿನ ಕ್ಷಾರವು ಅರಸಿನವನ್ನು ಕೆಂಪಾಗಿಸುತ್ತದೆ, ಲಿಂಬೆಯ ಹುಳಿಯು ಆ ಕ್ಷಾರವನ್ನು ಮುರಿಯುತ್ತದೆ. ಈ ಕಾರಣವನ್ನು ಕೂಡಲೇ ಹೇಳಿಬಿಡಬೇಡಿರಿ. “ಯಾಕೆ?” ಎಂದು ಮಗುವೇ ಕೇಳಲಿ.

ಆರು ವರ್ಷದವರಿಗೆ: ಹಲಸಿನೆಲೆಯ ಕೊಟ್ಟೆ, ಚೆನ್ನೆಮಣೆ

ಕಡುಬಿಗೆ ಕೊಟ್ಟೆ ಕಟ್ಟುವ ದಿನ ಮಗುವನ್ನು ಅಡಿಗೆಮನೆಯಿಂದ ಅಟ್ಟಬೇಡಿರಿ. ನಾಲ್ಕು ಹಲಸಿನೆಲೆಗಳನ್ನು ಶಿಲುಬೆಯ ಆಕಾರದಲ್ಲಿ, ತುದಿಗಳು ನಡುವೆ ಒಂದರ ಮೇಲೊಂದು ಬರುವಂತೆ ಇಟ್ಟು, ಕಡ್ಡಿಯಿಂದ ಚುಚ್ಚಿ ನಿಲ್ಲಿಸಿರಿ. ಬಳಿಕ ಎಲೆಗಳನ್ನು ಮೇಲಕ್ಕೆತ್ತಿ, ಪಕ್ಕದ ಎಲೆಯೊಡನೆ ಕೂಡಿಸಿ, ಮಗುವೇ ಕಡ್ಡಿ ಚುಚ್ಚಲಿ. ಅದು ಕಟ್ಟಿದ ಕೊಟ್ಟೆ ಸೋರಿದರೂ ಅದರಲ್ಲಿಯೇ ಸ್ವಲ್ಪ ಹಿಟ್ಟನ್ನು ಹೊಯ್ದು ಬೇಯಿಸಿರಿ. ಆ ಸೊಟ್ಟ ಕಡುಬಿನಷ್ಟು ರುಚಿ ಮಗುವಿಗೆ ಮತ್ತಾವುದರಲ್ಲಿಯೂ ಇರುವುದಿಲ್ಲ.

ಆಟಿಯ ಮಳೆಗೆ ಹೊರಗೆ ಹೋಗಲಾಗದಾಗ ಅಜ್ಜಿಯರು ಚೆನ್ನೆಮಣೆಯನ್ನು ತೆಗೆಯುತ್ತಿದ್ದರು. ಮಣೆಯಿಲ್ಲದವರು ಹದಿನಾಲ್ಕು ಗೆರಟೆಗಳನ್ನು ಏಳೇಳರ ಎರಡು ಸಾಲಾಗಿ ಇಡಬಹುದು. ಕುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಕಾಯಿಗಳನ್ನಾಗಲಿ ಹುಣಿಸೆ ಬೀಜಗಳನ್ನಾಗಲಿ ಹಾಕಿ, ಒಂದೊಂದಾಗಿ ಬಿತ್ತುತ್ತಾ ಹೋಗುವಾಗ ಕೂಡುವುದೂ ಕಳೆಯುವುದೂ ಬೆತ್ತದ ಭಯವಿಲ್ಲದೆ ಬರುವುದು.

ಎಚ್ಚರಿಕೆ

ಮೂರು ವರ್ಷ ತುಂಬದ ಕೂಸುಗಳ ಕೈಗೆ ಬೀಜವನ್ನಾಗಲಿ ಮಣಿಯನ್ನಾಗಲಿ ಕೊಡಕೂಡದು; ಗಂಟಲಲ್ಲಿ ಸಿಕ್ಕಿದರೆ ಪ್ರಾಣಕ್ಕೆ ಅಪಾಯ. ಮೂಗಿನಲ್ಲಿ ಸೇರಿದ ಬೀಜವು ತೇವ ಹೀರಿ ಉಬ್ಬುವುದು. ಮನೆಯಲ್ಲಿ ಕೆದಕದೆ ವೈದ್ಯರ ಬಳಿಗೆ ಕೊಂಡೊಯ್ಯಬೇಕು. ಚೆಲುವಾಗಿ ಕಾಣುವ ಗುಲಗಂಜಿಯೂ ಹರಳಿನ ಬೀಜವೂ ಅಗಿದರೆ ವಿಷ. ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆಯು ಚರ್ಮವನ್ನು ಸುಡುವುದು. ಇವು ಮೂರೂ ಆಟದ ಬುಟ್ಟಿಯಲ್ಲಿರಬಾರದು. ಮೂರು ದಾಟಿದವರೂ ಬೀಜದ ಆಟವನ್ನು ಹಿರಿಯರ ಕಣ್ಣಮುಂದೆಯೇ ಆಡಲಿ.

ನಮ್ಮದೊಂದು ತಪ್ಪು

ಇಷ್ಟನ್ನು ಹೇಳಿದ ಮೇಲೆ ನಮ್ಮ ತಪ್ಪೊಂದನ್ನು ಮುಚ್ಚಿಡುವುದು ನ್ಯಾಯವಲ್ಲ. ಕೆಲವು ವರ್ಷಗಳ ಹಿಂದೆ ಶಾಲಾ ದಿನಾಚರಣೆಗೆ ಶಿಶುವರ್ಗದ ಕೈಗೆಲಸಗಳನ್ನು ಮೇಜಿನ ಮೇಲೆ ಜೋಡಿಸುತ್ತಿದ್ದೆವು. ಒಬ್ಬ ಹುಡುಗಿ ಹೆಣೆದ ಗರಿಯ ಚಾಪೆಯಲ್ಲಿ ಒಂದು ಪಟ್ಟಿ ಎರಡರ ಮೇಲೆ ಹಾದುಹೋಗಿತ್ತು, ಅಂಚೂ ಸೊಟ್ಟಗಿತ್ತು. ಹೆತ್ತವರು ನೋಡುವ ಮೇಜು, ನಾಲ್ಕು ಜನ ಹೊಗಳಬೇಕೆಂಬ ಆಸೆ. ಸಂಜೆ ಮಕ್ಕಳು ಹೋದ ಮೇಲೆ ನಾವು ಅದನ್ನು ಬಿಚ್ಚಿ, ನೇರವಾಗಿ ಹೆಣೆದು, ಅವಳ ಹೆಸರಿನ ಚೀಟಿಯನ್ನು ಮತ್ತೆ ಅಂಟಿಸಿದೆವು.

ಮರುದಿನ ಅವಳ ತಾಯಿ ಬಂದು, “ನಿನ್ನದು ಯಾವುದು, ಮಗಾ?” ಎಂದು ಕೇಳಿದರು. ಹುಡುಗಿ ಮೇಜಿನ ಈ ತುದಿಯಿಂದ ಆ ತುದಿಯವರೆಗೆ ಹುಡುಕಿದಳು. “ನನ್ನದು ಇಲ್ಲ ಅಮ್ಮಾ” ಎಂದಳು. ನಾವು ಚೀಟಿಯನ್ನು ತೋರಿಸಿದೆವು. ಅವಳು ಚೀಟಿಯನ್ನು ನೋಡಿದಳು, ಚಾಪೆಯನ್ನು ನೋಡಿದಳು, ಆಮೇಲೆ ನಮ್ಮ ಮುಖವನ್ನು ನೋಡಿ ಸುಮ್ಮನಾದಳು. ತಾಯಿ ಚಾಪೆಯ ಅಂದವನ್ನು ಹೊಗಳಿದರು. ಆ ಹೊಗಳಿಕೆಯನ್ನು ಕೇಳಿ ನಿಂತಿರುವುದು ನಮಗೆ ಬಹಳ ಕಷ್ಟವಾಯಿತು.

ಅದರ ಫಲವನ್ನು ನಾವು ಮುಂದಿನ ವಾರದಲ್ಲಿ ಕಂಡೆವು. ಹೆಣಿಗೆಯ ಹೊತ್ತಿನಲ್ಲಿ ಅವಳು ಪಟ್ಟಿಗಳನ್ನು ತಂದು ನಮ್ಮ ಮಡಿಲಲ್ಲಿಟ್ಟು, “ನೀವೇ ಮಾಡಿ ಕೊಡಿ ಟೀಚರ್, ನನಗೆ ಚಂದ ಬರುವುದಿಲ್ಲ” ಎಂದಳು. ಅದಕ್ಕಿಂತ ಹಿಂದೆ ಆ ಮಾತು ಅವಳ ಬಾಯಿಂದ ಬಂದಿರಲಿಲ್ಲ. ಒಂದು ಸಂಜೆಯಲ್ಲಿ ನಾವು ಬಿಚ್ಚಿದ್ದು ಬರಿಯ ಗರಿಯನ್ನಲ್ಲವೆಂದು ಆಗ ತಿಳಿಯಿತು. ನಾವು ಅವಳ ಬಳಿ ಕುಳಿತು, ಮಾಡಿದ್ದನ್ನು ಒಪ್ಪಿಕೊಂಡು, ಕ್ಷಮೆ ಕೇಳಿದೆವು. ಅವಳು ಮತ್ತೆ ಹೆಣೆಯಲು ಕೈಹಾಕಿದ್ದು ಆ ವರ್ಷದ ಕೊನೆಯಲ್ಲಿ. ಅದೂ ನಾವು ಬೆನ್ನು ತಿರುಗಿಸಿ ಕುಳಿತಾಗ. ಅವಳ ಮೊದಲಿನ ಚಾಪೆಯನ್ನು ಹಿಂದಕ್ಕೆ ಕೊಡುವುದು ಮಾತ್ರ ನಮ್ಮಿಂದಾಗಲಿಲ್ಲ.

ಅಂದಿನಿಂದ ಶಿಶುವರ್ಗದಲ್ಲಿ ಒಂದು ನಿಯಮವುಂಟು: ಮಗುವು ಮುಗಿಯಿತೆಂದು ಕೆಳಗಿಟ್ಟ ಕೆಲಸವನ್ನು ದೊಡ್ಡವರ ಕೈ ಮುಟ್ಟಕೂಡದು. ತೋರಿಸಿಕೊಡಬೇಕಾದರೆ ನಾವು ಬೇರೆ ಪಟ್ಟಿಗಳನ್ನು ತೆಗೆದುಕೊಂಡು, ಬೇರೆ ಚಾಪೆಯನ್ನು ಹೆಣೆದು ತೋರಿಸುತ್ತೇವೆ. ನಮ್ಮ ಮೇಜು ಈಗ ಮೊದಲಿನಷ್ಟು ಅಂದವಾಗಿಲ್ಲ. ಸೊಟ್ಟ ಚಾಪೆಗಳೂ, ಕಾಲು ಮುರಿದ ಮಣ್ಣಿನ ಆನೆಗಳೂ ಅಲ್ಲಿರುತ್ತವೆ. ಆದರೆ ಪ್ರತಿಯೊಬ್ಬ ಹುಡುಗಿಯೂ ಓಡಿಬಂದು ತನ್ನದನ್ನು ದೂರದಿಂದಲೇ ಗುರುತಿಸುತ್ತಾಳೆ.

ಆದಕಾರಣ ಪ್ರಿಯ ತಾಯಂದಿರೇ, ತಂದೆಯರೇ, ನಿಮ್ಮಲ್ಲಿ ನಮ್ಮ ಬಿನ್ನಹವಿಷ್ಟೆ. ಶಾಲೆಯಿಂದ ಕೈಗೆಲಸವನ್ನು ಮಾಡಿ ತರಲು ಹೇಳಿದರೆ ರಾತ್ರಿ ಕುಳಿತು ನೀವು ಮಾಡಿ ಕಳುಹಿಸಬೇಡಿರಿ. ಅಂಗಡಿಯಿಂದ ಸಿದ್ಧವಾದದ್ದನ್ನು ತರಬೇಡಿರಿ. ಮಗು ತಂದು ತೋರಿಸಿದಾಗ “ಚಂದವಾಗಿದೆ” ಎಂದು ಹೇಳಿ ಮುಗಿಸದೆ, “ಇದನ್ನು ಹೇಗೆ ಮಾಡಿದೆ?” ಎಂದು ಕೇಳಿರಿ. ಅದು ಹೇಳಿ ಮುಗಿಸುವ ತನಕ ಒಲೆಯ ಮೇಲಿನದನ್ನು ಇಳಿಸಿ ಕೇಳಿರಿ. ನಮ್ಮ ಕರ್ತನೂ ನಜರೇತಿನ ಬಡಗಿಯ ಮನೆಯಲ್ಲಿ ಬೆಳೆದವನು. ಅಲ್ಲಿಯೂ ಅವನ ಎಳೆಯ ಕೈ ಕೊಯ್ದ ಮೊದಲ ಹಲಗೆ ನೇರವಾಗಿರಲಿಲ್ಲವೇನೋ. ಆ ಮನೆಯವರು ಅದನ್ನು ತಾಳ್ಮೆಯಿಂದ ನೋಡಿರಬೇಕೆಂದು ನಾವು ನೆನಸುತ್ತೇವೆ. ಅಂಥ ತಾಳ್ಮೆಯನ್ನು ದೇವರು ನಿಮಗೂ ನಮಗೂ ದಯಪಾಲಿಸಲಿ.